ಸಿರುಗುಪ್ಪದ ಇಂಜಿನ್ನು, ನನ್ನ ಚೀಟಿ ರೊಕ್ಕ

ನಮ್ಮ ಅಣ್ಣನ ಮಗನಿಗೆ ಹಳೇ ಇಂಜಿನ್ನಿನ ಹುಚ್ಚು ಹತ್ತಿ ಆರು ವರ್ಷ ಆತು. ಕುರುಗೋಡಿನ ನಮ್ಮ ತವರುಮನಿಗೆ ಬಂದವ್ರೆಲ್ಲಾ ಮೊದಲು ಕೇಳೋ ಮಾತು ನಿಮಗೂ ಗೊತ್ತೈತಿ, "ಇದೇನವ್ವಾ, ಹಿತ್ಲಾಗ ಇಷ್ಟು ಕಬ್ಬಣ ಹಾಕ್ಕೊಂಡೀರಿ, ಗುಜರಿ ಅಂಗಡಿ ಇಟ್ಟೀರೇನು" ಅಂತ. ನಮ್ಮ ಅತ್ತಿಗಿಗೆ ಬಟ್ಟಿ ಒಣಹಾಕಾಕ ಜಾಗ ಉಳಿದಿಲ್ಲ. ಸಂಡಿಗಿ ಹಾಕೋದು ಮಾಳಿಗಿಗೆ ಹೋತು. ಆಕಿ ಬೈತಾಳ, ಅವ ನಗ್ತಾನ, ಮುಂದಿನ ತಿಂಗಳ ಇನ್ನೊಂದು ಗಾಲಿ ತರ್ತಾನ.

ಇಂಜಿನ್ ಅಂದ ಕೂಡ್ಲೆ ರೈಲಿಂದು ಅನ್ಕೋಬ್ಯಾಡ್ರಿ, ಟ್ರ್ಯಾಕ್ಟರಿಂದೂ ಅಲ್ಲ. ಇವು ಒಂದೇ ಕಡಿ ಕುಂತು ಕೆಲಸ ಮಾಡೋ ಇಂಜಿನ್ನು. ನೆಲಕ್ಕ ಬೋಲ್ಟ್ ಹಾಕಿ ಕುಂದರಿಸಿರ್ತಾರ, ದೊಡ್ಡ ಗಾಲಿ ತಿರುಗ್ತೈತಿ, ಗಾಲಿಗೆ ಬೆಲ್ಟ್ ಹಾಕಿದ್ರ ಆ ಕಡಿ ಹಿಟ್ಟಿನ ಗಿರಣಿನೋ, ಬಾವಿ ಪಂಪೋ, ಅಕ್ಕಿ ಮಾಡೋ ಹಲ್ಲರ್ರೋ ನಡೀತೈತಿ. ಕರೆಂಟ್ ಬರೋಕ ಮುಂಚೆ ನಮ್ಮ ಕಡಿ ಊರಾಗೆಲ್ಲಾ ಪುಕ್ಕು ಪುಕ್ಕು ಅಂತ ಸಪ್ಪಳ ಕೇಳ್ತಿತ್ತಲ್ಲ, ಅವೇ. ಐವತ್ತು ದಾಟಿದವ್ರಿಗೆ ನೆನಪಿರ್ತೈತಿ. ನಮ್ಮ ಸೊಸಿಯಂದ್ರಿಗೆ ಹೇಳಿದ್ರ "ಜನರೇಟರ್ ಇದ್ದಂಗ ಏನ್ರೀ ಅತ್ತಿ" ಅಂತಾರ. ಇರ್ಲಿ, ಹಂಗೇ ಅನ್ಕೊಳ್ರಿ.

ಹುಡುಗ ಡಿಪ್ಲೊಮಾ ಓದ್ಯಾನ, ತೋರಣಗಲ್ಲಿನ ಕಡಿ ಪ್ಲಾಂಟಿನಾಗ ಶಿಫ್ಟ್ ಕೆಲಸ. ರಜಾ ಸಿಕ್ಕ ದಿನ ಬೈಕ್ ಹತ್ತಿ ಹಳ್ಳಿ ಹಳ್ಳಿ ತಿರುಗ್ತಾನ. ಎಲ್ಲಿ ಹಾಳು ಗಿರಣಿ ಐತಿ, ಎಲ್ಲಿ ಬತ್ತಿದ ಬಾವಿ ಐತಿ, ಅಲ್ಲಿಗೆ ಹೋಗಿ ಮೊಬೈಲ್ ಟಾರ್ಚ್ ಹಿಡಿದು ಹಿತ್ತಾಳಿ ಪಟ್ಟಿ ಮ್ಯಾಲಿನ ನಂಬರ್ ಬರ್ಕೊಂತಾನ. ನಾನು ಅವನ ಸಂಗಡ ಹೊಂಟಿದ್ದು ಎರಡು ವರ್ಷದಿಂದ ಈಚೆಗೆ. ಸುಮ್ನ ತೆಕ್ಕಲಕೋಟಿ ಕಡಿ ಒಬ್ರು ಬೀಗ್ರ ಮನಿಗೆ ಹೋಗೋದಿತ್ತು, ಬಸ್ ಯಾಕ ಅಂತ ಅವನ ಬೈಕ್ ಹತ್ತಿದೆ. ದಾರ್ಯಾಗ ಒಂದು ಹಳ್ಳಿಯೊಳಗ ನಿಲ್ಲಿಸಿ ಕಟ್ಟಿ ಮ್ಯಾಲೆ ಕುಂತ ಗಂಡಸರನ್ನ ಕೇಳಾಕ ಹತ್ತಿದ, "ಈ ಇಂಜಿನ್ ಎಷ್ಟು ಎಚ್‌ಪಿ ಇತ್ರಿ, ಯಾವ ವರ್ಷ ಬಂತ್ರಿ" ಅಂತ. ಒಬ್ರು ಐದು ಅಂದ್ರು, ಒಬ್ರು ಹತ್ತು ಅಂದ್ರು, ಇನ್ನೊಬ್ರು ಬ್ರಿಟಿಷ್ರ ಕಾಲದ್ದು ಅಂದ್ರು. ಎಲ್ಲಾ ಹಳೇದೂ ಬ್ರಿಟಿಷ್ರ ಕಾಲದ್ದೇ ಗಂಡಸರಿಗೆ! ನಾನು ಒಳಗ ನೀರು ಕುಡ್ಯಾಕ ಹೋದಾಕಿ ಅಲ್ಲಿದ್ದ ಮುದುಕಿನ್ನ ಕೇಳಿದೆ, "ಅವ್ವಾ, ನೀವು ಈ ಮನಿಗೆ ಬಂದಾಗ ಗಿರಣಿ ಇತ್ತೇನ್ರಿ?" ಆಕಿ ತಡೀದಂಗ ಹೇಳಿದ್ಲು, "ಇರ್ಲಿಲ್ಲವ್ವ. ನನ್ನ ದೊಡ್ಡ ಮಗ ಕೂಸಿದ್ದಾಗ ಬೀಸ್ತಿದ್ದೆ. ಎರಡನೇದು ಹೆಣ್ಣು ಹುಟ್ಟಿದಾಗ ಬಾಣಂತನಕ್ಕ ತವರಿಗೆ ಹೋಗಿ ಬಂದೆ, ಬರೋದ್ರೊಳಗ ಗಿರಣಿ ಸುರು ಆಗಿತ್ತು." ಆ ಎರಡನೇ ಮಗಳ ವಯಸ್ಸು ಲೆಕ್ಕ ಹಾಕಿದ್ರ 1958 ಬಂತು. ಹಿತ್ತಾಳಿ ಪಟ್ಟಿ ಮ್ಯಾಲಿನ ಹೆಸರಿಗೂ ಅದಕ್ಕೂ ಸರಿಹೋತು. ಹುಡುಗ ಹೊರಗ ಬಂದು ನನ್ನ ಮಾರಿ ನೋಡಿದ, "ಅತ್ತಿ, ಇನ್ನ ಮ್ಯಾಲೆ ನೀನೂ ಬಾ" ಅಂದ.

ಅಲ್ಲಿಂದ ಹಂಗೇ ನಡದೈತಿ. ಅವ ಇಂಜಿನ್ ನೋಡ್ತಾನ, ನಾನು ಅಡಿಗಿಮನ್ಯಾಗ ಕುಂದರ್ತೀನಿ. ಲಗ್ನ, ಹೆರಿಗಿ, ಬರಗಾಲ, ಡ್ಯಾಮು ಕಟ್ಟಿದ್ದು, ಕಾಲುವಿ ನೀರು ಬಂದದ್ದು, ಬಳ್ಳಾರಿ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದು, ಹೆಂಗಸರ ಲೆಕ್ಕ ಇವುಗಳ ಮ್ಯಾಲೇ ನಿಂತಿರ್ತೈತಿ. ನನ್ನ ನೋಟ್‌ಬುಕ್ಕಿನಾಗ ಈಗ 23 ಇಂಜಿನ್ನಿನ ಜಾತಕ ಅದಾವ.

ಓದಿ ತಿಳ್ಕೊಂಡದ್ದೂ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರ ಮುಂದಿನ ಮಾತು ಗೊತ್ತಾಗಂಗಿಲ್ಲ. ಡೀಸೆಲ್ ಅನ್ನೋದು ಎಣ್ಣಿ ಹೆಸರಲ್ಲ, ಮನುಷ್ಯಾನ ಹೆಸರು, ರುಡಾಲ್ಫ್ ಡೀಸೆಲ್ ಅಂತ ಜರ್ಮನಿಯವ. ಅವನ ಇಂಜಿನ್ ಸರಿಯಾಗಿ ನಡದದ್ದು 1897ರಾಗ. ಅದಕ್ಕೂ ಮೊದಲೇ ಇಂಗ್ಲೆಂಡಿನಾಗ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಅನ್ನಾವ ಇನ್ನೊಂದು ತರದ ಎಣ್ಣಿ ಇಂಜಿನ್ ಮಾಡಿ 1890ರಾಗ ಪೇಟೆಂಟ್ ತಗೊಂಡಿದ್ದ. ಗ್ರಾಂಥಮ್ ಅನ್ನೋ ಊರಿನ ರಿಚರ್ಡ್ ಹಾರ್ನ್ಸ್‌ಬಿ ಕಂಪನಿ ಅದನ್ನ 1892ರಿಂದ ತಯಾರ್ ಮಾಡಿ ಮಾರಿತು. ಅದು ಹೆಂಗ ನಡೀತೈತಿ ಅಂದ್ರ, ರೊಟ್ಟಿ ಹಂಚು ನೆನಸ್ಕೊಳ್ರಿ. ಹಂಚು ಕಾಯೋತನಾ ರೊಟ್ಟಿ ಹಾಕಂಗಿಲ್ಲ. ಹಂಗೇ ಆ ಇಂಜಿನ್ನಿನ ತಲಿಗೆ ಒಂದು ಕಬ್ಬಣದ ಗಡಿಗಿ ಇದ್ದಂಗ ಇರ್ತೈತಿ. ಅದಕ್ಕ ಬ್ಲೋ ಲ್ಯಾಂಪ್ ಹಚ್ಚಿ ಹತ್ತು ಹದಿನೈದು ನಿಮಿಷ ಕಾಸಬೇಕು. ಕಾದ ಮ್ಯಾಲೆ ಒಳಗ ಎಣ್ಣಿ ಚಿಮ್ಮಿದ್ರ ಅದು ಆವಿ ಆಗಿ, ಗಾಳಿ ಕೂಡಿ ಹೊತ್ಕೊಂತೈತಿ, ಗಾಲಿ ತಿರುಗ್ತೈತಿ. ಒಮ್ಮೆ ನಡದ್ರ ತನ್ನ ಕಾವಿಗೆ ತಾನೇ ಕಾದಿರ್ತೈತಿ, ಲ್ಯಾಂಪ್ ಆರಿಸಿಬಿಡಬೌದು. ಸೀಮೆಎಣ್ಣಿ ಹಾಕಿದ್ರೂ ನಡೀತೈತಿ, ಅದೇ ಅದರ ದೊಡ್ಡ ಗುಣ.

ಈ ಹಾರ್ನ್ಸ್‌ಬಿ ಕಂಪನಿ 1918ರಾಗ ಲಿಂಕನ್ ಊರಿನ ರಸ್ಟನ್ ಕಂಪನಿ ಜೊತಿಗೆ ಕೂಡ್ಕೊಂಡಿತು. ಅದಕ್ಕ ಹಿತ್ತಾಳಿ ಪಟ್ಟಿ ಮ್ಯಾಲೆ "ರಸ್ಟನ್ ಅಂಡ್ ಹಾರ್ನ್ಸ್‌ಬಿ, ಲಿಂಕನ್" ಅಂತ ಇದ್ರ 1918ರಿಂದ ಈಚೆಗಿಂದು. ಬರೇ "ಹಾರ್ನ್ಸ್‌ಬಿ, ಗ್ರಾಂಥಮ್" ಅಂತ ಇದ್ರ ಅದಕ್ಕಿಂತ ಹಿಂದಿಂದು, ಅಂದ್ರ ನೂರು ವರ್ಷ ದಾಟಿದ್ದು. ಇಷ್ಟು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತೈತಿ.

ನಮ್ಮ ಕಡಿ ಹೆಚ್ಚಾಗಿ ಸಿಗೋದು ಅದಲ್ಲ, ಲಿಸ್ಟರ್. ಇಂಗ್ಲೆಂಡಿನ ಡರ್ಸ್ಲಿ ಊರಿನ ಕಂಪನಿ, 1930ರ ಸುಮಾರಿಗೆ ಒಂದು ಡೀಸೆಲ್ ಇಂಜಿನ್ ತಂತು. ಲ್ಯಾಂಪ್ ಹಚ್ಚಿ ಕಾಸೋದು ಬ್ಯಾಡ, ಹ್ಯಾಂಡಲ್ ಹಾಕಿ ತಿರುವಿದ್ರ ಸಾಕು. ನಿಮಿಷಕ್ಕ ಬರೇ ಆರುನೂರು ಸುತ್ತು. ಹಂಗ ನಿಧಾನ ತಿರುಗೋದ್ರಿಂದ ಸವಕಳಿ ಕಮ್ಮಿ, ಬಾಳಕಿ ಜಾಸ್ತಿ. ಅದನ್ನ ನೋಡಿ ಗುಜರಾತಿನ ರಾಜಕೋಟ್‌ನವ್ರು ಅದೇ ತರದ್ದು ಎರಕ ಹೊಯ್ದು ಮಾಡಾಕ ಹತ್ತಿದ್ರು. ಮೂಲ ಕಂಪನಿ 1980ರ ದಶಕದಾಗ ಆ ಇಂಜಿನ್ ಮಾಡೋದು ನಿಲ್ಲಿಸ್ತು, ರಾಜಕೋಟ್‌ದವು ಮಾತ್ರ ಆಮ್ಯಾಲೂ ತಯಾರಾದ್ವು. ಅಮೆರಿಕದವ್ರು ಅವನ್ನ ತರಿಸ್ಕೊಂಡು ಮನಿಗೆ ಕರೆಂಟ್ ಮಾಡ್ಕೊಂತಿದ್ರಂತ, ನೋಡ್ರಿ! ಇನ್ನ ಕಿರ್ಲೋಸ್ಕರ್ ಇಂಜಿನ್ ಎಲ್ಲಾರಿಗೂ ಗೊತ್ತು. ಪುಣೆಯಾಗ 1946ರಾಗ ಸುರುವಾದ ಕಂಪನಿ. ಕಿರ್ಲೋಸ್ಕರ್ ಅನ್ನೋ ಹೆಸರಿನ ಕಾರ್ಖಾನಿಗೆ ಬುನಾದಿ ಹಾಕಿದ ಲಕ್ಷ್ಮಣರಾವ್ ಮಾತ್ರ ನಮ್ಮ ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನಾಗ ಹುಟ್ಟಿದವ್ರು, ಬೆಳಗಾವ್ಯಾಗ ಸೈಕಲ್ ಅಂಗಡಿ ಇಟ್ಟಿದ್ದವ್ರು.

ಇವೆಲ್ಲಾ ಇಲ್ಲಿಗೆ ಹೆಂಗ ಬಂದ್ವು ಅಂತ ನನಗ ಭಾಳ ದಿನ ತಿಳೀಲಿಲ್ಲ. ಬಳ್ಳಾರಿ 1953ರ ತನಕ ಮದ್ರಾಸ್ ಸರ್ಕಾರದಾಗ ಇತ್ತಲ್ಲ, ಆ ಮದ್ರಾಸಿನ ಇಂಜಿನಿಯರಿಂಗ್ ಕಾಲೇಜಿನಾಗ ಆಲ್ಫ್ರೆಡ್ ಚಾಟರ್ಟನ್ ಅಂತ ಒಬ್ರು ಪ್ರೊಫೆಸರ್ ಇದ್ರು. ಕಪಿಲಿ ಹೊಡದು ಎತ್ತಿನಿಂದ ನೀರು ಎತ್ತೋ ಬದ್ಲು ಎಣ್ಣಿ ಇಂಜಿನ್ನು, ಪಂಪು ಹಾಕಿ ಎತ್ತಿದ್ರ ರೈತರಿಗೆ ಎಷ್ಟು ಉಳೀತೈತಿ ಅಂತ 1900ರ ಆಚೀಚೆ ಲೆಕ್ಕ ಹಾಕಿ, ಹಾಕಿ ತೋರಿಸಿದವ್ರು ಅವ್ರೇ. ಆಮ್ಯಾಲೆ ಮೈಸೂರು ಸರ್ಕಾರ ಅವರನ್ನ ಕರ್ಕೊಂಡಿತು. ನಮ್ಮ ಹೆಂಗಸರಿಗೆ ಗೊತ್ತಾಗೋ ಗುರ್ತು ಹೇಳ್ಬೇಕಂದ್ರ, ಮದ್ರಾಸಿನಾಗ ಅಲ್ಯೂಮಿನಿಯಂ ಪಾತ್ರಿ ಮಾಡೋ ಕೆಲಸ ಸುರು ಮಾಡಿಸಿದವ್ರೂ ಅವ್ರೇ. ಬಳ್ಳಾರ್ಯಾಗ ಹತ್ತಿ ವ್ಯಾಪಾರ ಜೋರಿತ್ತು, ಹತ್ತಿ ಬಿಡಿಸೋ ಜಿನ್ನುಗಳು ಇದ್ವು, ಅವಕ್ಕೂ ಇಂಜಿನ್ ಬೇಕಿತ್ತು. ಜಿನ್ನಿನಾಗ ಹಳೇದಾದದ್ದು ಹಳ್ಳಿ ಗಿರಣಿಗೆ ಹೋಗ್ತಿತ್ತು. ದೊಡ್ಡಮನಿಯಾಕಿ ಉಟ್ಟು ಬಿಟ್ಟ ಸೀರಿ ಕೆಲಸದಾಕಿಗೆ ಹೋದಂಗ.

ಆದ್ರ ನಾನು ಹೇಳಾಕ ಹೊಂಟದ್ದು ಬ್ಯಾರೇನೇ ಐತಿ. ಇಂಜಿನ್ ಕೂಡಿಸೋ ಹುಡುಗ್ರ ಗುಂಪು ಒಂದೈತಿ, ಅವರು ಮಾತಾಡೋದೆಲ್ಲಾ ಎಚ್‌ಪಿ, ಬೋರು, ಗಾಲಿ ತೂಕ, ಬಣ್ಣ. ರೈತನ ಬಾಳು ಹೆಂಗ ಬದಲಾತು ಅಂತ ಒಂದೊಂದು ಸಲ ಹೇಳ್ತಾರ. ಗಿರಣಿ ಬಂದ ದಿನ ಯಾರ ರಟ್ಟಿಗೆ ವಿಶ್ರಾಂತಿ ಸಿಕ್ಕಿತು ಅನ್ನೋದು ಯಾರೂ ಹೇಳಂಗಿಲ್ಲ. ನಮ್ಮವ್ವ ಹೇಳ್ತಿದ್ಲು, ಮೊದಲ ಕೋಳಿ ಕೂಗೋದ್ರೊಳಗ ಎದ್ದು ಬೀಸೋಕಲ್ಲಿನ ಮುಂದ ಕುಂದರಬೇಕು. ಹದಿನಾಲ್ಕು ಮಂದಿ ಮನ್ಯಾಗ. ದಿನಾ ಎರಡು ಹೊತ್ತಿನ ಜ್ವಾಳದ ರೊಟ್ಟಿಗೆ ಆಗೋವಷ್ಟು ಹಿಟ್ಟು ಆಗ್ಬೇಕು. ಬೀಸೋ ಪದ ಎಷ್ಟು ಚಂದ, ಎಷ್ಟು ಚಂದ ಅಂತ ಈಗ ಸ್ಟೇಜ್ ಮ್ಯಾಲೆ ಹಾಡಸ್ತಾರಲ್ಲ, ನಮ್ಮವ್ವನ್ನ ಕೇಳಿದ್ರ "ನಿದ್ದಿ ಬರಬಾರದು ಅಂತ ಹಾಡ್ತಿದ್ವಿ" ಅಂತಿದ್ಲು. ಬಸುರಿ, ಬಾಣಂತಿ, ಜ್ವರ ಬಂದಾಕಿ ಯಾರಿಗೂ ಬಿಡುವಿಲ್ಲ. ಗಿರಣಿ ಬಂದ ಮ್ಯಾಲೆ ತಲಿ ಮ್ಯಾಲೆ ಪುಟ್ಟಿ ಹೊತ್ಕೊಂಡು ಎರಡು ಮೈಲಿ ನಡದ್ರೂ ಅದು ಸುಖ ಅನಸ್ತಿತ್ತಂತ.

ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡದಾಗ ಸಾವಿರಾರು ವರ್ಷದ ಹಿಂದಿನ ಜನ ಕಲ್ಲು ಮಸೆದು ಕೊಡಲಿ ಮಾಡಿದ ಜಾಗ ಐತಿ. ಅದರ ಹೆಸರಿಲೇ ಊರಾಗ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ಮಾಡ್ಯಾರ, ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿ ಬರ್ರಿ, ಚಂದೈತಿ. ಆ ಕಾಲದಿಂದ ನಮ್ಮವ್ವನ ಕಾಲದ ತನಕ ಹೆಂಗಸರು ಕಲ್ಲಿಗೆ ಕಾಳು ಹಾಕಿ ಅರದದ್ದೇ ಅರದದ್ದು. ಅದನ್ನ ನಿಲ್ಲಿಸಿದ ವಸ್ತು ಯಾವ್ದು ಅಂತ ಕೇಳಿದ್ರ, ಹಿತ್ಲಾಗ ತುಕ್ಕು ಹಿಡಿದು ಬಿದ್ದ ಈ ಇಂಜಿನ್ನು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂದಾಗ ಇಂಜಿನ್ನುಗಳಿಗೇ ಒಂದು ಹಾಲ್ ಐತಿ. ಇಂಗ್ಲೆಂಡಿನಾಗ ಪಾಯಿಂಟನ್ ಅನ್ನೋ ಊರಾಗ ಬರೇ ಇಂಥಾ ಇಂಜಿನ್ನಿಂದೇ ಮ್ಯೂಸಿಯಂ ಐತಿ, ಆನ್ಸನ್ ಅಂತ. ನಮ್ಮ ಜಿಲ್ಲಾದಾಗ ಇವು ಹೋಗೋದು ಗುಜರಿಗೆ, ಅಲ್ಲಿಂದ ಕರಗಸೋ ಭಟ್ಟಿಗೆ.

ಮುದುಕ್ಯಾರು ಇಂಜಿನ್ ಬಗ್ಗೆ ಹೇಳಿದ್ದೆಲ್ಲಾ ಬರದ್ರ ಒಂದು ಪುಸ್ತಕ ಆಗ್ತೈತಿ. ಇಂಜಿನ್ ಕಾಯಬಾರದು ಅಂತ ಪಕ್ಕದಾಗ ನೀರಿನ ಟಾಕಿ ಇಟ್ಟಿರ್ತಿದ್ರಲ್ಲ, ಆ ನೀರು ಕಾದು ಕಾದು ಬಿಸಿ ಆಗಿರ್ತಿತ್ತು. ಹಿಟ್ಟು ಬೀಸಿಸ್ಕೊಂಡು ಬರೋ ಮುಂದ ಒಂದು ಕೊಡ ಬಿಸಿನೀರೂ ಹೊತ್ಕೊಂಡು ಬಂದು ಕೂಸಿಗೆ ಎರೀತಿದ್ರಂತ. ಇದನ್ನ ಮೂರು ಊರಾಗ ಮೂರು ಮುದುಕ್ಯಾರು ಹೇಳಿದ್ರು, ಒಬ್ಬ ಗಂಡಸೂ ಹೇಳಿಲ್ಲ. ಬೆಲ್ಟ್ ಜಾರಬಾರದು ಅಂತ ರಾಳ ಹಾಕ್ತಿದ್ರು, ಅದರ ವಾಸನಿ ಹಿಟ್ಟಿಗೂ ಬಡೀತಿತ್ತು. ಸೆರಗು ಬಿಗಿಯಾಗಿ ಸಿಕ್ಕಿಸ್ಕೊಳ್ದ ಒಳಗ ಬಿಡ್ತಿರ್ಲಿಲ್ಲ, ಯಾಕಂದ್ರ ಒಂದೂರಾಗ ಬೆಲ್ಟಿಗೆ ಸೆರಗು ಸಿಕ್ಕು ಒಬ್ಬಾಕಿ ಕೈ ಹೋಗಿತ್ತು. ಸಪ್ಪಳ ಕೇಳಿದ್ರ ಗಿರಣಿ ಸುರುವಾತು ಅಂತ ಗೊತ್ತು, ಆವಾಗ ಪುಟ್ಟಿ ಹೊರೋದು.

ಇನ್ನೊಂದು ಮಾತೂ ಹೇಳಿದ್ರು, ಅದನ್ನ ಬಿಡಾಕ ಮನಸಿಲ್ಲ. ಸಿಂಧಿಗೇರಿ ಕಡಿ ಒಬ್ಬಾಕಿ, ಕೇರಿಯಾಕಿ, ಎಂಬತ್ತು ದಾಟ್ಯಾವ. "ನಮ್ಮ ಕಾಳು ಎಲ್ಲಾರದ್ದೂ ಆದ ಮ್ಯಾಲೆ ಕಡೀಕ ಹಾಕ್ತಿದ್ರವ್ವ. ಪುಟ್ಟಿ ದೂರ ಇಟ್ಟು ಬಿಸಲಾಗ ಕುಂದರಬೇಕು. ಮಧ್ಯಾಹ್ನ ಎಣ್ಣಿ ತೀರಿದ್ರ ಆವತ್ತು ಹಿಟ್ಟಿಲ್ಲ" ಅಂದ್ಲು. ಇಂಜಿನ್ನಿಗೆ ಯಾರ ಜ್ವಾಳ ಆದ್ರೇನು, ಒಂದೇ ಗಾಲಿ. ಅದರ ಮುಂದ ನಿಂತ ಮನುಷ್ಯಾಗ ಮಾತ್ರ ಗೊತ್ತಾಗ್ತಿತ್ತು. ಹುಡುಗ "ಇದನ್ನೂ ಬರಕೊಂಡಿ ಏನು ಅತ್ತಿ" ಅಂದ. ಬರಕೊಂಡೀನಿ, ಎಚ್‌ಪಿ ಬರದ ಹಾಳಿ ಮ್ಯಾಲೇನೇ.

ಈಗ ಸಿರುಗುಪ್ಪದ ಕತಿ. ಸಿರುಗುಪ್ಪ ಅಂದ್ರ ಭತ್ತ, ಅಕ್ಕಿ ಗಿರಣಿ ಅಂತ ಈಗಿನವ್ರಿಗೆ. ಹಳೇ ಊರಾಗ ಒಂದು ಮನಿ ಹಿಂದಿನ ತಗಡಿನ ಶೆಡ್ಡಿನಾಗ ದೊಡ್ಡ ಇಂಜಿನ್ ಐತಿ ಅಂತ ಯಾರೋ ಹೇಳಿದ್ರು. ಹೋದ್ವಿ. ಭತ್ತದ ಚೀಲ ಸರಿಸಿ ನೋಡಿದ್ರ ನನ್ನ ಎದಿ ಮಟ ಬರೋ ಗಾಲಿ. ಹುಡುಗ ಹಳೇ ಬನೀನ್‌ಲೆ ಪಟ್ಟಿ ಒರಸಿದ, ಒರಸಿದಾವ ಹಂಗೇ ಕುಂತುಬಿಟ್ಟ. ಹಾರ್ನ್ಸ್‌ಬಿ. ಗ್ರಾಂಥಮ್. ರಸ್ಟನ್ ಹೆಸರೇ ಇಲ್ಲ.

ಮನಿ ಯಜಮಾನಿ ಎಂಬತ್ತೈದರ ಮುದುಕಿ. ಗಂಡ ತೀರಿ ಹೋಗ್ಯಾನ, ಒಬ್ಬ ಮಗ, ಒಬ್ಬ ಮೊಮ್ಮಗ. ನಮಗ ಒಗ್ಗರಣಿ, ಮಿರ್ಚಿ ಮಾಡಿಸಿ ಕೊಟ್ಲು. ಆಕಿ ಹೇಳಿದ್ದು, "ನಮ್ಮ ಮಾವ ಬಳ್ಳಾರಿ ಹತ್ತಿ ಜಿನ್ನಿನಾಗಿಂದ ತಂದದ್ದಂತ, ಎತ್ತಿನ ಗಾಡಿ ಮ್ಯಾಲೆ, ಬಿಚ್ಚಿ ಬಿಚ್ಚಿ ತಂದದ್ದು. ಕಾಲುವಿ ನೀರು ಹೊಸದಾಗಿ ಬಂದ ವರ್ಷ ನಾನು ಸೊಸಿ ಆಗಿ ಬಂದೆ, ಆವಾಗ ಜ್ವಾಳ ಬೀಸ್ತಿದ್ರು. ಆಮ್ಯಾಲೆ ಭತ್ತ ಬಂತು, ಹಲ್ಲರ್ ಹಾಕಿದ್ರು. ಕರೆಂಟ್ ಮೋಟ್ರು ಬಂದ ಮ್ಯಾಲೆ ಇದು ಹಂಗೇ ಕುಂತೈತಿ." ಗುಜರಿಯಾವ ಬಂದು ಹೋಗಿದ್ದ. ಕಿಲೋಕ್ಕ 32 ರೂಪಾಯಿ, ಒಂದೂವರಿ ಟನ್ನಿನ ಮ್ಯಾಲೆ ಬರ್ತೈತಿ, ಗ್ಯಾಸಿನಾಗ ಕತ್ತರಿಸಿ ಒಯ್ತೀನಿ ಅಂದಿದ್ದ. ಮೊಮ್ಮಗನ ಕಾಲೇಜ್ ಫೀಸಿಗೆ ಆಗ್ತೈತಿ ಅಂತ ಮನಿಯವ್ರು ಒಪ್ಪಿದಂಗೇ ಇದ್ರು. ಮುಂದಿನ ಸೋಮವಾರ ಲಾರಿ.

ಹೊರಗ ಬಂದು ಹುಡುಗ ನನ್ನ ಕೈ ಹಿಡ್ಕೊಂಡ. "ಅತ್ತಿ, ನಾನು 55 ಸಾವಿರ ಕೊಡ್ತೀನಿ ಅಂತೀನಿ. ಗುಜರಿಗಿಂತ ಜಾಸ್ತಿ ಆತಲ್ಲ. ಅವರಿಗೂ ಲಾಭ, ನಮಗೂ ಲಾಭ. ಇದು ಏನು ಅಂತ ಮಾತ್ರ ಹೇಳ್ಬ್ಯಾಡ." ನಾನು ಆಗಂಗಿಲ್ಲ ಅಂದೆ. ಮುದುಕಿ ಕೈಯಾಗ ಒಗ್ಗರಣಿ ತಿಂದು, ಆಕಿ ಮಾವನ ಕತಿ ನನ್ನ ಬುಕ್ಕಿನಾಗ ಬರಕೊಂಡು, ಇದು ಬರೇ ಕಬ್ಬಣ ಅಲ್ಲ ಅನ್ನೋದು ನಮಗ ಗೊತ್ತಿದ್ದು ಆಕಿಗೆ ಹೇಳ್ದ ತಂದ್ರ ಅದು ಹೆಂಗ ನಮ್ಮ ಹಿತ್ಲಾಗ ಇರ್ತೈತಿ? ಗುಜರಿಯಾವ ಕಬ್ಬಣ ಅಂತ ಹೇಳಿ ಕಬ್ಬಣದ ರೇಟ್ ಕೊಡ್ತಾನ, ಅವ ಸುಳ್ಳು ಹೇಳಿಲ್ಲ. ಹುಡುಗ ಸಿಟ್ಟಿಗೆದ್ದ, "ನೀನು ಹೇಳಿದ್ರ ಆ ಮಗ ಎರಡು ಲಕ್ಷ ಕೇಳ್ತಾನ, ನನ್ನ ಕೈಲಿ ಆಗಂಗಿಲ್ಲ, ಸೋಮವಾರ ಲಾರಿ ಬರ್ತೈತಿ, ಕತ್ತರಿಸಿ ಒಯ್ತಾರ. ನಿನ್ನ ನಿಜಕ್ಕ ಇಂಜಿನ್ ಸಾಯ್ತೈತಿ" ಅಂದ. ಅವನ ಮಾತಿನಾಗೂ ಅರ್ಥ ಇತ್ತು, ಇಲ್ಲ ಅನ್ನಂಗಿಲ್ಲ.

ನಾನು ವಾಪಸ್ ಒಳಗ ಹೋಗಿ ಕುಂತು ಎಲ್ಲಾ ಹೇಳಿದೆ. ನೂರು ವರ್ಷದ ಮ್ಯಾಲಿಂದು, ನಮ್ಮ ಕಡಿ ಇಂಥಾದ್ದು ನಾವು ಕಂಡಿಲ್ಲ, ಬೇಕನ್ನಾವ ಸಿಕ್ಕರ ಗುಜರಿಗಿಂತ ಭಾಳ ಜಾಸ್ತಿ ಕೊಡಬೌದು, ಆದ್ರ ಅಂಥಾವ ಯಾವಾಗ ಸಿಕ್ತಾನ ಅಂತ ಹೇಳಾಕ ಬರಂಗಿಲ್ಲ, ನಮ್ಮ ಹತ್ರ ಇರೋದು ಇಷ್ಟು, ಅಂತ. ಮಗ ಫೋನ್ ತಗೊಂಡು ಹೊರಗ ಹೋದ. ಬಂದು "ಒಂದೂವರಿ ಲಕ್ಷ" ಅಂದ. ಹುಡುಗ ನನ್ನ ಮಾರಿ ನೋಡ್ಲಿಲ್ಲ. ಕುರುಗೋಡು ಬರೋತನಾ ಬೈಕ್ ಮ್ಯಾಲೆ ಒಂದು ಮಾತಾಡ್ಲಿಲ್ಲ.

ಒಂದು ಒಳ್ಳೇದು ಆತು. ಒಂದೂವರಿ ಲಕ್ಷದ ಆಸಿ ಹತ್ತಿದ್ರಿಂದ ಸೋಮವಾರದ ಲಾರಿ ಅವ್ರೇ ಬ್ಯಾಡಂದ್ರು. ಎರಡು ತಿಂಗಳು ಫೋನ್ ಮ್ಯಾಲೆ ಫೋನ್. ಒಬ್ಬ ರೆಸಾರ್ಟಿನಾವ ಬಂದು ನೋಡಿ, ಬರೇ ಗಾಲಿ ಕೊಡ್ರಿ, ಗೇಟಿಗೆ ಹಾಕ್ತೀನಿ ಅಂದನಂತ. ಅದನ್ನ ಕೇಳಿ ಮುದುಕಿ ಸಿಟ್ಟಾಗಿ, "ನಮ್ಮ ಮಾವನ ಇಂಜಿನ್ನಿನ ಕಾಲು ಮುರುದು ಒಯ್ತಾನಂತ" ಅಂತ ಬೈದು ಕಳಿಸಿದ್ಲು. ಆಮ್ಯಾಲೆ ಆಕಿನೇ ನನಗ ಫೋನ್ ಹಚ್ಚಿಸಿದ್ಲು, "ನೋಡವ್ವ ಮಗಳೇ, ತೊಂಬತ್ತು ಸಾವಿರಕ್ಕ ನನ್ನ ಮಗನ್ನ ಒಪ್ಪಿಸೀನಿ. ಇಡಿಯಾಗಿ ಒಯ್ಯಬೇಕು, ಕತ್ತರಿಸಬಾರದು. ಗಿರಣಿ ಕಲ್ಲು ಎರಡೂ ನಾನು ಕೊಡಂಗಿಲ್ಲ, ಅವು ನನ್ನ ಅಂಗಳದಾಗ ಇರ್ಲಿ."

ಹುಡುಗನ ಹತ್ರ 60 ಸಾವಿರ ಇತ್ತು. ಉಳದದ್ದು 30 ಸಾವಿರ ನನ್ನ ಚೀಟಿ ರೊಕ್ಕ. ಅಡಿಗಿಮನಿ ಕಟ್ಟಿಗೆ ಕರಿ ಕಲ್ಲು ಹಾಕಿಸ್ಬೇಕು ಅಂತ ಎರಡು ವರ್ಷದಿಂದ ಹಾಕ್ಕೊಂತ ಬಂದಿದ್ದೆ. ನಮ್ಮ ಮನಿಯವ್ರು "ಹುಡುಗನ ಹುಚ್ಚು ಬಿಡಸ್ತಿ ಅಂತ ಕಳಿಸಿದ್ರ ನೀನೂ ಹುಚ್ಚಿ ಆಗಿ ಬಂದಿ" ಅಂದ್ರು. ಬಾಯಿಲೆ ಬೈದ್ರು, ಮರುದಿನ ಬ್ಯಾಂಕಿಗೆ ತಾವೇ ಕರ್ಕೊಂಡು ಹೋದ್ರು. ನನ್ನ ಅಡಿಗಿಮನ್ಯಾಗ ಇನ್ನೂ ಆ ಹಳೇ ಕಡಪ ಕಲ್ಲೇ ಐತಿ, ಮೂಲ್ಯಾಗ ಬಿರುಕು ಬಿಟ್ಟದ್ದು. ಬಂದವ್ರು ನೋಡೇ ನೋಡ್ತೀರಿ, ಅದಕ್ಕ ಮೊದಲೇ ಹೇಳಿಬಿಟ್ಟೆ.

ತರೋದು ಒಂದು ದೊಡ್ಡ ಪಜೀತಿ. ನೆಲದಾಗ ಹೂತ ಬೋಲ್ಟ್ ಬಿಚ್ಚಾಕ ಎರಡು ದಿನ, ತಿರುಪಿಗೆ ದಿನಾ ಎಣ್ಣಿ ಬಿಟ್ಟು ಕಾದು ಕಾದು ಬಿಚ್ಚಿದ್ರು. ಶೆಡ್ಡಿನ ತಗಡು ತಗದು, ಮೂರು ಕಾಲಿನ ಕಂಬಕ್ಕ ಚೈನ್ ಪುಲ್ಲಿ ಕಟ್ಟಿ ಎತ್ತಿ ಟ್ರ್ಯಾಕ್ಟರ್ ಟ್ರಾಲಿಗೆ ಇಟ್ರು. ಓಣಿ ಹೆಂಗಸರೆಲ್ಲಾ ಹೊರಗ ಬಂದು ನಿಂತಿದ್ರು. ಮುದುಕಿ ಗಾಲಿಗೆ ಅರಿಶಿಣ, ಕುಂಕುಮ ಹಚ್ಚಿ ಕಾಯಿ ಒಡದ್ಲು. ಆಮ್ಯಾಲೆ ಒಳಗ ಹೋದಾಕಿ ಟ್ರಾಲಿ ಹೊಂಟಾಗ ಹೊರಗ ಬರ್ಲಿಲ್ಲ.

ಈಗ ಅದು ಕುರುಗೋಡಿನಾಗ ದನದ ಕೊಟ್ಟಿಗ್ಯಾಗ ಐತಿ. ಒಳಗಿನ ಪಿಸ್ಟನ್ ಕಚ್ಕೊಂಡು ಕುಂತೈತಿ. ಡೀಸೆಲ್, ಸೀಮೆಎಣ್ಣಿ ಕೂಡಿಸಿ ಸಿಲಿಂಡರಿಗೆ ಹಾಕಿ ಎರಡು ತಿಂಗಳ ಮ್ಯಾಲಾತು, ದಿನಾ ಕಟ್ಟಿಗಿ ತುಂಡು ಇಟ್ಟು ಮೆಲ್ಲಕ ಬಡೀತಾನ. ಜೋರು ಬಡದ್ರ ಎರಕದ ಕಬ್ಬಣ ಸೀಳ್ತೈತಿ, ಅದನ್ನ ಮತ್ತ ಕೂಡಿಸೋದು ಭಾಳ ಕಷ್ಟ. ಅವನ ಗೆಳ್ಯಾರು ಬಂದು, ತುಕ್ಕು ಉಜ್ಜಿ ಹಸರು ಬಣ್ಣ ಹೊಡದು ಫಳಫಳ ಮಾಡು ಅಂತಾರ. ನಾನು ಬ್ಯಾಡ ಅಂದೀನಿ. ಅದರ ಮೈಮ್ಯಾಲೆ ಒಂದು ಕಡಿ ಸುಣ್ಣದಾಗ ಗೀರು ಎಳದಾರ, ಐದೈದರ ಗುಂಪು ಮಾಡಿ, ಎಷ್ಟು ಮಂದಿ ಕಾಳು ಆತು ಅಂತ ಎಣಿಸಿದ ಲೆಕ್ಕ ಅನಸ್ತೈತಿ. ಅದನ್ನ ಉಜ್ಜಿ ಬಣ್ಣ ಹೊಡದ್ರ ಬರೇ ಹೊಸಾ ಇಂಜಿನ್ ಆಗ್ತೈತಿ, ನಮಗ್ಯಾಕ ಅದು? ಈ ವಿಷಯದಾಗ ಹುಡುಗ ನನ್ನ ಕಡಿ ಅದಾನ, ಈಗ ಮಾತೂ ಆಡ್ತಾನ. ಇಂಜಿನ್ನಿನ ನಂಬರ್ ಬರದು ಇಂಗ್ಲೆಂಡಿಗೆ ಮೇಲ್ ಕಳಿಸ್ಯಾನ, ಯಾವ ವರ್ಷದ್ದು, ಯಾವ ಬಂದರಿಗೆ ಹೊಂಟಿತ್ತು ಅಂತ ಅವರ ಹಳೇ ರಿಜಿಸ್ಟರಿನಾಗ ಇದ್ರ ಹೇಳ್ರಿ ಅಂತ. ಉತ್ತರ ಇನ್ನಾ ಬಂದಿಲ್ಲ.

ಮೊದಲ ಸಲ ಅದು ನಡದ ದಿನ ಸಿರುಗುಪ್ಪದ ಮುದುಕಿನ್ನ ಕಾರಿನಾಗ ಕರ್ಕೊಂಡು ಬರ್ಬೇಕು ಅಂತ ಮಾತಾಗೈತಿ. ಮೊನ್ನೆ ಫೋನ್ ಮಾಡಿದಾಗ "ಲಗೂ ಮಾಡ್ರಿ, ನನಗೂ ತುಕ್ಕು ಹಿಡದೈತಿ" ಅಂದ್ಲು.

ನಿಮಗೊಂದು ಕೆಲಸ ಹೇಳ್ತೀನಿ. ನಿಮ್ಮ ತವರಿನಾಗೋ, ಅತ್ತಿಮನ್ಯಾಗೋ ಹಳೇ ಇಂಜಿನ್ ಇದ್ರ ಗುಜರಿಗೆ ಹಾಕೋಕ ಮುಂಚೆ ನನಗೊಂದು ಫೋಟೊ ಕಳಿಸ್ರಿ, ಹಿತ್ತಾಳಿ ಪಟ್ಟಿ ಕಾಣೋಹಂಗ. ಇಂಜಿನ್ ಹೋಗಿದ್ರೂ ಪರವಾಗಿಲ್ಲ, ಟ್ರಂಕಿನ ತಳದಾಗ ಅದರ ಬಿಲ್ಲು, ಪುಸ್ತಕ, ಗಿರಣಿ ಲೆಕ್ಕದ ವಹಿ ಏನರ ಇದ್ರ ಹರಿಬ್ಯಾಡ್ರಿ. ಎಂಬತ್ತು ದಾಟಿದ ಅತ್ತಿನೋ, ದೊಡ್ಡವ್ವನೋ ಇದ್ರ ಊಟ ಆದ ಮ್ಯಾಲೆ ಪಕ್ಕದಾಗ ಕುಂತು ಕೇಳ್ರಿ, ನಿಮ್ಮೂರಿಗೆ ಗಿರಣಿ ಯಾವ ಮಗು ಹುಟ್ಟಿದ ವರ್ಷ ಬಂತು ಅಂತ. ಹೇಳಿದ್ದನ್ನ ಅವರ ಮಾತಿನಾಗೇ ಬರದು ಕಳಿಸ್ರಿ, ನನ್ನ ಬುಕ್ಕಿನಾಗ ಇನ್ನಾ ಭಾಳ ಹಾಳಿ ಅದಾವ.